ಕಲ್ಲುಸಾಹೇಬರ ಪಕ್ಕದ ಸೀಟು

ನಮ್ಮ ಗುಮಾಸ್ತನ ಹಳೇ ಕಾರಿನ ಗೇರ್ ಲಿವರು ಒಂದು ದಿನ ಆಫೀಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ, ಪಾತ್ರೆಯಲ್ಲಿಟ್ಟ ಸೌಟಿನ ಹಾಗೆ ಸುತ್ತಲೂ ತಿರುಗತೊಡಗಿತು. ಎತ್ತ ತಳ್ಳಿದರೂ ಯಾವ ಗೇರೂ ಬೀಳಲಿಲ್ಲ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಂತೂ ತಿಂಗಳಿಂದ ತಿರುವು ಬಂದಾಗಲೆಲ್ಲ ಟಕಟಕ ಹಲ್ಲು ಕಡಿಯುತ್ತಿತ್ತು. ಕಾರು ಮನೆ ಮುಂದೆಯೇ ಮಲಗಿತು. ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಪಕ್ಕದ ಮನೆಯಲ್ಲಿದ್ದವರು ಅವನ ಮೇಲಧಿಕಾರಿ. ಅವರು ತಮ್ಮ ಕಾರಿನ ಬಾಗಿಲು ತೆರೆದು, "ಬನ್ರೀ, ನಿಮ್ಮ ಗಾಡಿ ಸರಿಹೋಗೋವರೆಗೂ ನನ್ನ ಜೊತೇಲೇ ಬನ್ನಿ," ಎಂದುಬಿಟ್ಟರು.

ಅವರಿಗೆ ಹಿಂದಿನ ವರ್ಷ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಆಮೇಲೆ ಅವರು ಬೇರೆ ಮಾತಾಡಿದ್ದನ್ನು ಕೇಳಿದವರಿಲ್ಲ. ಬೀದಿಗೆಲ್ಲ ಅವರು ಕಲ್ಲುಸಾಹೇಬರು. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಅದೇ ಕತೆ. ಹದಿನೆಂಟು ದಿನವಾದರೂ ಕತೆಯೊಳಗಿನ ಡಾಕ್ಟರು ಇನ್ನೂ ಕೈಗವಸು ಹಾಕಿಕೊಂಡಿರಲಿಲ್ಲ.

ಗುಮಾಸ್ತನಿಗೆ ಊಟ ಸೇರದಾಯಿತು. ಫೈಲು ನೋಡುತ್ತಲೇ ಹೊಟ್ಟೆಯ ಬಲಗಡೆ ಒತ್ತಿಕೊಳ್ಳತೊಡಗಿದ. ಭಾನುವಾರ ಬೆಳಿಗ್ಗೆ ಹೊಸ ಡ್ರೈವ್ ಶಾಫ್ಟು, ಗೇರ್ ಲಿವರಿನ ಬುಡಕ್ಕೆ ಕೂರುವ ಬುಷ್ಷು, ಕೊಂಡಿ ಎಲ್ಲ ತಂದು ಕಾರಿನ ಪಕ್ಕ ಹರವಿಕೊಂಡು ಕುಳಿತ.

"ನಾಳೆ ನಾನು ನನ್ನ ಕಾರಲ್ಲೇ ಹೋಗೋದು ಕಣೇ. ಇನ್ನೊಂದು ದಿನ ಆ ಕಲ್ಲು ಕೇಳಿದ್ರೆ ನನ್ನನ್ನೇ ಆಸ್ಪತ್ರೆಗೆ ಹೊರಬೇಕಾಗುತ್ತೆ!"

"ಮೆಕ್ಯಾನಿಕ್ ಹತ್ರ ಮಾಡಿಸಬಾರ್ದಾ?" ಎಂದಳು ಹೆಂಡತಿ.

"ಅವನು ಇನ್ನೂ ಎರಡು ವಾರ ಆಗುತ್ತೆ ಅಂತಾನೆ. ಅಲ್ಲೀವರೆಗೆ ನಾನಿರ್ತೀನಾ?"

"ರೀ, ಮಿಕ್ಸಿ ಬಿಚ್ಚಿದೋರೂ ನೀವೇ ಅಲ್ವಾ?"

"ಅದು ಬೇರೆ, ಇದು ಬೇರೆ."

"ಹೌದು. ಮಿಕ್ಸಿ ಪಾಪ, ರಸ್ತೆಗೆ ಇಳಿಯಲ್ಲ," ಎಂದು ಅವಳು ಒಳಗೆ ಹೋದಳು.

ಕಾರಿಗೆ ಜಾಕಿ ಕೊಡುವ ಮೊದಲೇ ತೊಂದರೆ ಶುರುವಾಯಿತು. ಚಕ್ರದ ನಟ್ಟನಡುವಿನ ದೊಡ್ಡ ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗುಮಾಸ್ತ ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ನಿಂತು ಕುಪ್ಪಳಿಸಿದ. ಎದುರುಮನೆಯ ಹೊಲಿಗೆ ಅಕ್ಕ ಕತ್ತಿನಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಓಡಿ ಬಂದಳು. "ಯಾಕಣ್ಣಾ ಹಿಂಗೆ ಕುಣೀತಿದೀಯ? ಮೈಮೇಲೆ ಏನಾದ್ರೂ ಬಂತಾ?"

ಅಷ್ಟರಲ್ಲಿ ಗೋಡೆಯಾಚೆಯಿಂದ ದನಿ ಬಂತು. "ಬಿಡ್ರೀ, ನಾನಿಲ್ವಾ?"

ಗುಮಾಸ್ತ ಸ್ಪ್ಯಾನರಿನ ಮೇಲಿಂದ ಕೆಳಗಿಳಿದ. ಯಾರಿಂದ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಪಾಡೋ ಅವರೇ ಅಂಗಿಯ ತೋಳು ಮಡಚಿಕೊಂಡು ನಗುನಗುತ್ತಾ ಬರುತ್ತಿದ್ದರು! ಬೇಡ ಅನ್ನುವ ಹಾಗಿಲ್ಲ, ಮೇಲಧಿಕಾರಿ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೂವರೂ ಜೋತುಬಿದ್ದರು. "ನನ್ನ ಕಲ್ಲೂ ಹಿಂಗೇ ಕಣ್ರೀ, ಏನು ಮಾಡಿದ್ರೂ..." ಎಂದು ಸಾಹೇಬರು ಶುರು ಮಾಡುವಷ್ಟರಲ್ಲಿ ನಟ್ಟು ಕಿಟಾರನೆ ಕಿರುಚಿ ಸಡಿಲವಾಯಿತು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲಕ್ಕಿಂತ ಕೆಳಗೆ ಗುಮಾಸ್ತನಿದ್ದ.

ಜಾಕಿ ಕೊಟ್ಟು, ಚಕ್ರ ಬಿಚ್ಚಿ, ಗುಮಾಸ್ತ ಕಾರಿನಡಿ ತೂರಿಕೊಂಡ. ಹಳೇ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ.

"ರೀ, ಗೇರ್ ಬಾಕ್ಸಿನ ಎಣ್ಣೆ ಮೊದ್ಲೇ ಇಳಿಸ್ಬೇಕಂತೆ, ಇಳಿಸಿದ್ರಾ?" ಎಂದು ಹೆಂಡತಿ ಕಿಟಕಿಯಿಂದ ಕೇಳಿದಳು.

ಉತ್ತರದ ಬದಲು ಕಾರಿನಡಿಯಿಂದ ಗೊಳಗೊಳ ಸದ್ದು ಬಂತು. ಆಮೇಲೆ ಗುಮಾಸ್ತ ಬಂದ. ನೆತ್ತಿಯಿಂದ ಗಲ್ಲದವರೆಗೆ ಎಣ್ಣೆ, ಎದೆಗವಚಿಕೊಂಡ ಡ್ರೈವ್ ಶಾಫ್ಟು.

"ಗಂಡೋ ಹೆಣ್ಣೋ?" ಎಂದಳು ಹೊಲಿಗೆ ಅಕ್ಕ.

ಹೊಸ ಶಾಫ್ಟು ಹೇಗೋ ಒಳಗೆ ಕೂತು, ಹೊಸ ಎಣ್ಣೆಯೂ ಬಿತ್ತು. ಇನ್ನು ಉಳಿದದ್ದು ಗೇರ್ ಲಿವರು. ಬುಷ್ಷು ಕೂರಿಸಿ, ಲಿವರನ್ನು ಗೇರ್ ಬಾಕ್ಸಿಗೆ ಸೇರಿಸುವ ಕೊಂಡಿ ಹಾಕಬೇಕು. ಅದಿರುವುದು ಕಾರಿನಡಿಯ ಕತ್ತಲಲ್ಲಿ. ಟಾರ್ಚು ಹಿಡಿಯಲು ಸಾಹೇಬರೂ ಪಕ್ಕದಲ್ಲೇ ಬಂದು ಮಲಗಿದರು. ಮಲಗಿದ ಮೇಲೆ ಅವರಿಗೆ ಆಸ್ಪತ್ರೆಯ ಮಂಚ ನೆನಪಾಗದೆ ಇರುತ್ತದೆಯೇ? ಕತೆ ರಂಗೇರಿತು. ಕೊಂಡಿ ಕೂರಿಸುವ ಗಳಿಗೆಗೆ ಸರಿಯಾಗಿ ಟಾರ್ಚು ಅವರ ಹೊಟ್ಟೆಯ ಕಡೆ ತಿರುಗಿತು. "ನೋಡ್ರೀ, ಇಲ್ಲೇ, ಇಲ್ಲೇ ಮೊದಲನೇ ನೋವು!"

ಕತ್ತಲಲ್ಲೇ ಗುಮಾಸ್ತ ತಡವರಿಸಿ ಕೊಂಡಿ ಸಿಕ್ಕಿಸಿ, ಬೋಲ್ಟು ಬಿಗಿದ. ಹಲ್ಲುಕಚ್ಚಿ ಬಿಗಿದ. ಇನ್ನೊಂದೇ ರಾತ್ರಿ, ಆಮೇಲೆ ಸ್ವಾತಂತ್ರ್ಯ!

ಐದು ಗಂಟೆಗೆ ಚಕ್ರ ನೆಲ ಮುಟ್ಟಿತು. ಎದುರಿಗೆ ಖಾಲಿ ರಸ್ತೆ. ಹಿಂದೆ ನಾಲ್ಕೇ ಮಾರು ದೂರದಲ್ಲಿ ಸಾಹೇಬರ ಕಾರು ಫಳಫಳ ಹೊಳೆಯುತ್ತ ನಿಂತಿತ್ತು. ಗುಮಾಸ್ತ ಒಳಗೆ ಕೂತು, ಕಾರು ಚಾಲೂ ಮಾಡಿ ಒಂದನೇ ಗೇರು ಹಾಕಿದ. ಆಹಾ, ಬೆಣ್ಣೆಗೆ ಚಾಕು ಇಳಿದ ಹಾಗೆ ಬಿತ್ತು! ಅವನಿಗೇನು ಗೊತ್ತು ಪಾಪ, ಕೊಂಡಿ ತಲೆಕೆಳಗಾಗಿ ಕೂತು ಒಂದನೇ ಗೇರಿನ ಜಾಗದಲ್ಲಿ ರಿವರ್ಸ್ ಗೇರು ಸಂಸಾರ ಹೂಡಿದೆ ಅಂತ? ಮುಂದಿನ ರಸ್ತೆಯನ್ನೇ ನೋಡುತ್ತಾ ಕ್ಲಚ್ಚನ್ನು ಚೂರೇ ಚೂರು ಸಡಿಲಿಸಿದ. ಕಾರು ಹಿಂದಕ್ಕೆ ತೆವಳಿತು.

"ಅಯ್ಯಯ್ಯೋ, ಬಿಡ್ರೀ! ಬಿಡ್ರೀ!" ಎಂದು ಸಾಹೇಬರು ಅರಚಿದರು.

ಗುಮಾಸ್ತ ಬಿಟ್ಟ. ಕ್ಲಚ್ಚನ್ನು ಪೂರ್ತಿ ಬಿಟ್ಟ.

ಧಡಾರ್!

ಸಾಹೇಬರ ಕಾರಿನ ಮೂತಿ ಅಪ್ಪಚ್ಚಿಯಾಯಿತು. ಒಳಗಿಂದ ರೇಡಿಯೇಟರಿನ ನೀರು ಜುಳುಜುಳು ಹರಿಯಿತು. ಗುಮಾಸ್ತನ ಕಾರಿಗೆ ಮಾತ್ರ ಬಂಪರಿನಲ್ಲಿ ಒಂದು ತಗ್ಗು, ಅಷ್ಟೆ.

"ಬಿಡಿ ಅಂದ್ರಲ್ಲಾ ಸಾರ್!"

"ಸಾಕು, ಬಿಟ್ಬಿಡಿ ಅಂದೆ ಕಣ್ರೀ!"

"ನಾನು ಕ್ಲಚ್ಚು ಅಂದ್ಕೊಂಡೆ ಸಾರ್!"

ಹೆಂಡತಿ ಹೊಸ ಕೊಂಡಿಯ ಡಬ್ಬಿ ಹಿಡಿದುಕೊಂಡು ಬಂದಳು. ಅದರ ಮೇಲಿನ ಚಿತ್ರ ನೋಡಿ, ಬಗ್ಗಿ ಕಾರಿನಡಿ ಇಣುಕಿದಳು. "ರೀ, ಇದನ್ನ ತಲೆಕೆಳಗೆ ಹಾಕಿದೀರ." ಹತ್ತು ನಿಮಿಷದಲ್ಲಿ ಕೊಂಡಿ ತಿರುಗಿತು. ಕಾರು ಬೀದಿಯನ್ನು ಎರಡು ಸುತ್ತು ಸುತ್ತಿ ಬಂತು. ಟಕಟಕ ಇಲ್ಲ, ಗೊರಗೊರ ಇಲ್ಲ.

ಸಾಹೇಬರು ತಮ್ಮ ಕಾರಿನ ಮುಂದೆ ಮೂಕರಾಗಿ ನಿಂತಿದ್ದರು. ಅವರು ಸುಮ್ಮನಿದ್ದದ್ದನ್ನು ಬೀದಿಯ ಜನ ಕಂಡದ್ದು ಅದೇ ಮೊದಲು. ಗುಮಾಸ್ತ ಹತ್ತು ಸಲ ಕೈಮುಗಿದ, ರಿಪೇರಿಯ ಖರ್ಚು ತನ್ನದೇ ಎಂದ. ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಆದರೂ ಹೊಟ್ಟೆಯೊಳಗೆ ಖುಷಿ ಕಚಗುಳಿ ಇಡುತ್ತಿತ್ತು. ನಾಳೆ ಮುಕ್ಕಾಲು ಗಂಟೆ, ಅವನು, ಅವನ ಕಾರು, ಕಿಟಕಿಯ ಗಾಳಿ!

ಸಾಹೇಬರು ಮೆಕ್ಯಾನಿಕ್ಕಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಮಾತು ಮುಗಿಸಿ ಬಂದಾಗ ಮುಖದಲ್ಲಿ ಕಳೆ ಬಂದಿತ್ತು.

"ಎರಡು ತಿಂಗಳಾಗುತ್ತಂತೆ ಕಣ್ರೀ. ಇರ್ಲಿ, ಏನೀಗ? ನಿಮ್ಮ ಕಾರು ಇದೆಯಲ್ಲ!" ಎನ್ನುತ್ತಾ ಗುಮಾಸ್ತನ ಕಾರಿನ ಮುಂಬಾಗಿಲು ತೆಗೆದು ಕುಳಿತು, ಸೀಟನ್ನು ಹಿಂದಕ್ಕೆ ಜರುಗಿಸಿ, ಕಾಲು ಚಾಚಿದರು. "ಇಷ್ಟು ದಿನ ಒಂದು ಕಣ್ಣು ರಸ್ತೆ ಮೇಲಿಟ್ಟು ಹೇಳ್ತಿದ್ನಲ್ಲ, ಎಷ್ಟೋ ವಿಷಯ ತಪ್ಪಿಹೋಗಿದೆ. ಇನ್ನು ಆ ತಾಪತ್ರಯ ಇಲ್ಲ. ನಾಳೆ ಮೊದಲಿಂದ ಶುರು ಮಾಡೋಣ."