ಎದುರಾಳಿಯ ಟೊಪ್ಪಿ

ಶಾಲಾ ಬಸ್ಸಿನ ಚಾಲಕನಾಗಿದ್ದು ನಿವೃತ್ತನಾದ ವೆಂಡೆಲ್ ಕ್ರೋನ್ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಕಾಫಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಭೀಷ್ಮನೂ ತಲೆದೂಗುವಂಥ ಪ್ರತಿಜ್ಞೆಯೊಂದನ್ನು ಮಾಡಿದನು.

"ಆರ್ಡಿಸ್, ಕೇಳಿಸ್ಕೋ. ಇನ್ಮೇಲೆ ನಾನು ಟಿಲ್‌ಡೆನ್ ಕಾಲೇಜಿನ ಫುಟ್‌ಬಾಲ್ ನೋಡಲ್ಲ. ಮೈದಾನದ ಕಡೆ ತಲೆ ಹಾಕಿ ಮಲಗೋದೂ ಇಲ್ಲ."

ಹೆಂಡತಿ ಆರ್ಡಿಸ್ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. "ಹೋದ ವರ್ಷವೂ ಹೀಗೇ ಅಂದೆ. ಮಗಳ ಮದುವೆ ದಿನ ಚರ್ಚಿನಲ್ಲೇ ಅಂದೆ. ಪಾದ್ರಿಗಳು ಬೆಚ್ಚಿಬಿದ್ದಿದ್ರು."

"ಇದು ಬೇರೆ."

"ಹೌದು. ಆವತ್ತು ಕೋಟು ಹಾಕಿದ್ದೆ. ಇವತ್ತು ಪೈಜಾಮ."

ವೆಂಡೆಲನ ಸಿಟ್ಟಿಗೆ ಕಾರಣವಿತ್ತು. ಟಿಲ್‌ಡೆನ್ ಹುಡುಗರು, ಕೈಯಲ್ಲಿ ಹಿಡಿದು ಓಡಿ ಗೆರೆ ದಾಟಿಸಬೇಕಾದ ಆ ಮೊಟ್ಟೆಯಾಕಾರದ ಚೆಂಡನ್ನು ಕಾದ ಬಾಣಲೆ ಮುಟ್ಟಿದವರಂತೆ ಕೈಬಿಡುತ್ತಿದ್ದರು. ಬಂದ ಪ್ರತಿಯೊಬ್ಬ ತರಬೇತುದಾರನೂ "ಸದ್ಯ ಅಡಿಪಾಯ ಹಾಕುತ್ತಿದ್ದೇವೆ" ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟು ಮುಂದಿನ ವರ್ಷ ಬೇರೆ ಊರಿಗೆ ಹೋಗುತ್ತಿದ್ದನು. ಹಾಕಿದ ಅಡಿಪಾಯಗಳನ್ನೆಲ್ಲ ಒಂದೆಡೆ ಸೇರಿಸಿದ್ದರೆ ಚೀನಾದ ಮಹಾಗೋಡೆಗೆ ತಮ್ಮನೊಬ್ಬ ಹುಟ್ಟುತ್ತಿದ್ದನು. ಎಲ್ಲಕ್ಕಿಂತ ದೊಡ್ಡ ಅವಮಾನ ಹಾಲಿನ ಕ್ಯಾನಿನದು. ಪಕ್ಕದ ಊರಾದ ಮಾರ್ಕ್‌ಫೀಲ್ಡ್ ಕಾಲೇಜಿನೊಡನೆ ವರ್ಷದ ಕೊನೆಯಲ್ಲಿ ನಡೆಯುವ ಆಟದಲ್ಲಿ ಗೆದ್ದವರಿಗೆ ಸೊಟ್ಟಗಾದ ಒಂದು ಹಳೆಯ ಹಾಲಿನ ಕ್ಯಾನು ಸಿಗುತ್ತಿತ್ತು. ಅದು ಮಾರ್ಕ್‌ಫೀಲ್ಡಿಗೆ ಹೋಗಿ ಅಲ್ಲೇ ಬೇರುಬಿಟ್ಟಿತ್ತು. ಸಾಯುವುದರೊಳಗೆ ಅದನ್ನು ನಮ್ಮ ಹುಡುಗರು ಎತ್ತಿ ಹಿಡಿಯುವುದನ್ನು ಕಣ್ಣಾರೆ ನೋಡಬೇಕು, ಇಷ್ಟೇ ವೆಂಡೆಲನ ಆಸೆ.

ಆದರೂ ಪ್ರತಿಜ್ಞೆ ಪ್ರತಿಜ್ಞೆಯೇ. ಅವನು ತನ್ನ ಖಾಯಂ ಜಾಗದ ಟಿಕೆಟ್ಟುಗಳನ್ನು ನೆರೆಮನೆಯ ರಾಯ್ಸ್‌ಗೆ ಕೊಟ್ಟುಬಿಟ್ಟು, ಮೊದಲ ಶನಿವಾರ ಏಣಿ ಹತ್ತಿ ಸೂರಿನಂಚಿನ ಮಳೆನೀರ ದೋಣಿಯಲ್ಲಿ ತುಂಬಿದ್ದ ಎಲೆಗಳನ್ನು ಬಾಚತೊಡಗಿದನು. ಮೈದಾನದ ಕಡೆಯಿಂದ ಎಂದೂ ಕೇಳದಂಥ ಆರ್ಭಟ ಕೇಳಿಬಂದಿತು. ಎಲ್ಲೋ ಬೆಂಕಿ ಬಿದ್ದಿರಬೇಕು ಎಂದುಕೊಂಡನು.

ಸಂಜೆ ರಾಯ್ಸ್ ಬೇಲಿಯ ಮೇಲೆ ಬಾಗಿ, "ಗೆದ್ವಿ ಕಣೋ" ಎಂದನು.

"ಯಾರು?"

"ನಾವು. ನನಗೂ ನಂಬಿಕೆ ಬರಲಿಲ್ಲ. ಪಕ್ಕದವನನ್ನ ಕೇಳಿ ಖಾತ್ರಿ ಮಾಡ್ಕೊಂಡೆ."

ಮುಂದಿನ ಶನಿವಾರ ವೆಂಡೆಲ್ ಬೇಲಿಗೆ ಬಣ್ಣ ಹೊಡೆದನು. ತಂಡ ಮತ್ತೆ ಗೆದ್ದಿತು. ಅದರ ಮುಂದಿನ ಶನಿವಾರ ಅವನಿಗೆ ತಡೆಯಲಾಗಲಿಲ್ಲ. ಹವಾಮಾನ ಕೇಳುವ ನೆಪದಲ್ಲಿ ಕಾರಿನೊಳಗೆ ಕುಳಿತು ರೇಡಿಯೋ ತಿರುಗಿಸಿದನು. ಅಲ್ಲಿಯವರೆಗೆ ಆಟದಲ್ಲಿ ಮುಂದಿದ್ದ ಟಿಲ್‌ಡೆನ್ ತಂಡದ ಹುಡುಗನೊಬ್ಬ ಅದೇ ಕ್ಷಣ ಚೆಂಡು ಕೈಬಿಟ್ಟನು. ಎದುರಾಳಿ ಅದನ್ನೆತ್ತಿಕೊಂಡು ಗೆರೆಯಾಚೆ ಓಡಿದನು. ಆಟ ಹೋಯಿತು. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಆರ್ಡಿಸ್ ಎಲ್ಲವನ್ನೂ ನೋಡುತ್ತಿದ್ದಳು.

ಭಾನುವಾರ ಚರ್ಚು ಮುಗಿಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು: ಇಷ್ಟು ವರ್ಷ ತಂಡಕ್ಕೆ ಹಿಡಿದ ಶನಿಯ ಹೆಸರು ವೆಂಡೆಲ್ ಕ್ರೋನ್.

ಪಾದ್ರಿಗಳು ಕೈಕುಲುಕುತ್ತ, "ಶನಿವಾರ ಏನು ಕೆಲಸ ಇಟ್ಕೊಂಡಿದ್ದೀರಿ, ವೆಂಡೆಲ್?" ಎಂದು ಮೃದುವಾಗಿ ಕೇಳಿದರು. ರಾಯ್ಸ್ ಬಂದು ಕಾರಿನ ರೇಡಿಯೋವನ್ನೇ ಬಿಚ್ಚಿಕೊಂಡು ಹೋದನು. ಆರ್ಡಿಸಳಿಗಂತೂ ಸುಗ್ಗಿ.

"ನೆಲಮಾಳಿಗೆ ಗುಡಿಸು."

"ನಾಳೆ ಗುಡಿಸ್ತೀನಿ."

"ನಿನ್ನಿಷ್ಟ. ಹುಡುಗರು ಸೋತರೆ ನನ್ನನ್ನ ಅನ್ನಬೇಡ."

ವೆಂಡೆಲ್ ಪೊರಕೆ ಹಿಡಿದನು. ಮನೆ ಅರಮನೆಯಾಯಿತು, ತಂಡ ಗೆಲ್ಲುತ್ತ ಹೋಯಿತು, ವೆಂಡೆಲ್ ಸೊರಗುತ್ತ ಹೋದನು. ಕೊನೆಗೆ ಮಾರ್ಕ್‌ಫೀಲ್ಡ್ ಆಟದ ವಾರ ಬಂದಿತು. ಹಾಲಿನ ಕ್ಯಾನು ಊರಿಗೆ ಬರುವ ದಿನ, ಅದಕ್ಕಾಗಿ ಆಯುಷ್ಯ ಸವೆಸಿದವನು ಮಾತ್ರ ಬಚ್ಚಲ ಕೊಳವೆ ಬಿಚ್ಚುತ್ತ ಕೂರಬೇಕು. ಇದು ನ್ಯಾಯವೇ?

ಬಚ್ಚಲಲ್ಲಿ ಕುಳಿತಾಗಲೇ ಅವನಿಗೆ ಜ್ಞಾನೋದಯವಾಯಿತು. ತನ್ನ ಶಾಪ ಟಿಲ್‌ಡೆನ್ನಿನ ಮೇಲಿರುವುದಲ್ಲ. ತಾನು ಯಾರ ಪರ ಕೂಗುವೆನೋ ಅವರ ಮೇಲೆ. ಹಾಗಿದ್ದರೆ ಆ ಶಾಪವನ್ನು ಮಾರ್ಕ್‌ಫೀಲ್ಡಿಗೆ ದಾನ ಮಾಡಿದರಾಯಿತು!

ಶನಿವಾರ "ಕೊಳವೆಗೆ ವಾಷರ್ ತರ್ತೀನಿ" ಎಂದು ಮನೆ ಬಿಟ್ಟ ವೆಂಡೆಲ್, ದಾರಿಯ ಪೆಟ್ರೋಲ್ ಬಂಕಿನಲ್ಲಿ ಮಾರ್ಕ್‌ಫೀಲ್ಡಿನ ನೇರಳೆ ಟೊಪ್ಪಿಯೊಂದನ್ನು ಕೊಂಡು, ಕಿವಿಯವರೆಗೆ ಎಳೆದುಕೊಂಡು, ಎದುರಾಳಿಗಳ ಗ್ಯಾಲರಿಯ ನಡುವೆ ಹೋಗಿ ಕುಳಿತನು. ಜನ್ಮವೆಲ್ಲ ಟಿಲ್‌ಡೆನ್ನಿನ ಕೆಂಪು ತೊಟ್ಟ ದೇಹ ನೇರಳೆ ಬಣ್ಣಕ್ಕೆ ನವೆಯೆದ್ದಿತು.

"ಮಾರ್ಕ್‌ಫೀಲ್ಡ್..." ಎಂದು ಗೊಣಗಿದನು. ಮಾರ್ಕ್‌ಫೀಲ್ಡಿನವನೊಬ್ಬ ಎಡವಿಬಿದ್ದನು. ವೆಂಡೆಲ್ ದನಿಯೇರಿಸಿದನು. ಅವರು ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ಮರಳಿತು. ಇನ್ನು ಕೇಳಬೇಕೆ? ಎದ್ದು ನಿಂತು ಗಂಟಲು ಹರಿಯುವಂತೆ ಶತ್ರುವಿನ ಜಯಕಾರ ಹಾಕತೊಡಗಿದನು. ಪಕ್ಕದಲ್ಲಿದ್ದ, ಮುಖಕ್ಕೆ ನೇರಳೆ ಬಳಿದುಕೊಂಡ ದಢೂತಿ ಮನುಷ್ಯ ಮನಕರಗಿ, ಸಾಸಿವೆ ಹಚ್ಚಿದ ಸಾಸೇಜೊಂದನ್ನು ಕೊಟ್ಟು, "ದೊಡ್ಡವರೇ, ನಿಮ್ಮಂಥವರು ಇರೋದ್ರಿಂದಲೇ ನಮ್ಮ ಕಾಲೇಜು ಉಳಿದಿದೆ" ಎಂದನು.

ಕೊನೆಯ ನಿಮಿಷ. ಎರಡೂ ತಂಡ ಸಮಸಮ. ಟಿಲ್‌ಡೆನ್ನಿನ ಹುಡುಗನೊಬ್ಬ ಚೆಂಡು ಹಿಡಿದು ಗೆರೆಯತ್ತ ಓಡಿದನು. ವೆಂಡೆಲನ ಬಾಯಿ ತಾನಾಗಿ ತೆರೆದು, "ಟಿಲ್..." ಎಂದಿತು. ಹುಡುಗ ಮುಗ್ಗರಿಸಿದನು. ವೆಂಡೆಲ್ ಆ ಅಕ್ಷರವನ್ನು ಸಾಸೇಜಿನೊಡನೆ ನುಂಗಿ, "ಮಾರ್ಕ್‌ಫೀಲ್ಡ್! ಹಿಡೀರೋ ಅವನನ್ನ!" ಎಂದು ಅರಚಿದನು. ಹುಡುಗ ಸಾವರಿಸಿಕೊಂಡು ಗೆರೆ ದಾಟಿದನು.

ಟಿಲ್‌ಡೆನ್ ಗೆದ್ದಿತು. ಕಾಲೇಜಿನ ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿದರು. ಸೊಟ್ಟ ಕ್ಯಾನು ತಲೆಗಳ ಮೇಲೆ ತೇಲಿತು. ವೆಂಡೆಲ್ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತನು. ದಢೂತಿ ಮನುಷ್ಯ ಅವನನ್ನು ಎದೆಗಪ್ಪಿಕೊಂಡು, "ಅಳಬೇಡಿ ದೊಡ್ಡವರೇ, ಮುಂದಿನ ವರ್ಷ ಇದೆಯಲ್ಲ" ಎಂದು ತಾನೂ ಅತ್ತನು. ಸೋತ ಅಭಿಮಾನಿಯ ಸಂಕಟ ಎಂದು ಕ್ಯಾಮೆರಾದವರು ಆ ದೃಶ್ಯವನ್ನು ಮೈದಾನದ ದೊಡ್ಡ ಪರದೆಯ ಮೇಲೆ ಬಿಟ್ಟರು. ಇಡೀ ಟಿಲ್‌ಡೆನ್ ನಕ್ಕಿತು. ನಗುತ್ತ ನಗುತ್ತ ಗುರುತು ಹಿಡಿಯಿತು.

ವೆಂಡೆಲ್ ಮನೆ ಸೇರಿದಾಗ ಆರ್ಡಿಸ್ ಮತ್ತು ರಾಯ್ಸ್ ಅಡುಗೆಮನೆಯಲ್ಲಿ ಕುಳಿತಿದ್ದರು.

"ವಾಷರ್ ಸಿಕ್ತಾ?" ಎಂದಳು ಆರ್ಡಿಸ್.

ವೆಂಡೆಲ್ ಎಲ್ಲವನ್ನೂ ಒಪ್ಪಿಕೊಂಡನು: ಶಾಪದ ಸಿದ್ಧಾಂತ, ಟೊಪ್ಪಿ, ಸಾಸೇಜು, ನುಂಗಿದ ಅಕ್ಷರ. ಬೈಗುಳ ಬರಲಿಲ್ಲ. ರಾಯ್ಸ್ ಎದ್ದು ಅವನ ಕೈ ಹಿಡಿದುಕೊಂಡನು.

"ಅಭಿಮಾನಿ ಸಂಘದವರೆಲ್ಲ ಈಗಷ್ಟೇ ಮಾತಾಡಿದ್ವಿ. ಮುಂದಿನ ವರ್ಷ ಪ್ರತಿ ಆಟಕ್ಕೂ ನಿನಗೊಂದು ಜಾಗ. ಪುಕ್ಕಟೆ."

ವೆಂಡೆಲ್ ಅವನ ಕೈಯನ್ನು ಬಿಗಿಯಾಗಿ ಅದುಮಿದನು. "ನನ್ನ ಹಳೇ ಜಾಗಾನಾ?"

"ಇಲ್ಲ. ಎದುರಾಳಿಗಳ ಗ್ಯಾಲರೀಲಿ. ಬರೋ ತಂಡದ ಟೊಪ್ಪಿಯೆಲ್ಲ ಸಂಘವೇ ತರಿಸಿಕೊಡುತ್ತೆ. ಒಂದರ ಮೇಲೆ ಹಂದಿ ಚಿತ್ರ ಇದೆ, ಬೇಜಾರು ಮಾಡ್ಕೋಬೇಡ."

ವೆಂಡೆಲ್ ಕುರ್ಚಿಯಲ್ಲಿ ಕುಸಿದನು. "ಜೀವಮಾನವೆಲ್ಲ ಕೆಂಪು ಬಣ್ಣ ತೊಟ್ಟವನು ನಾನು. ಒಂದು ಸಲ, ಒಂದೇ ಒಂದು ಸಲ ನಮ್ಮ ಹುಡುಗರ ಪರ ಕೂಗಬೇಡವೇನ್ರಯ್ಯಾ?"

ಆರ್ಡಿಸ್ ಗಂಡನ ಬೆನ್ನು ಸವರಿ, "ಕೂಗ್ಕೋ, ಯಾರು ಬೇಡ ಅಂದ್ರು? ಜೂನ್ ತಿಂಗಳಲ್ಲಿ ಆಟ ಇರಲ್ಲ, ಕಾರ್ ಶೆಡ್ಡಿನಲ್ಲಿ ನಿಂತು ಹೊಟ್ಟೆ ತುಂಬ ಕೂಗು" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ ಸೇರಿಸಿದಳು:

"ಬಾಗಿಲು ಮಾತ್ರ ಹಾಕ್ಕೋ. ಹುಡುಗರು ಅಭ್ಯಾಸ ಮಾಡ್ತಿರ್ತಾರೆ."