ತಾವು ಬಂದ ದಿನ ತೆರೆದಿದ್ದ ಮಕ್ಕಳ ಕೋಣೆ

ದೊಡ್ಡ ಬಟ್ಟೆ ಕಂಪನಿಯ ಪರವಾಗಿ ನಮ್ಮ ಬೀದಿಯ ಗಾರ್ಮೆಂಟ್ಸ್ ನೋಡಲು ದಯಮಾಡಿಸಿದ್ದ ತಪಾಸಣಾಧಿಕಾರಿಗಳಿಗೆ,

ಮಾನ್ಯರೇ,

ತಾವು ಸುಖವಾಗಿ ಊರು ಸೇರಿರುವಿರೆಂದೂ, ನಮ್ಮ ಕಾರ್ಖಾನೆಯ ಮೆಟ್ಟಿಲು ಹತ್ತಿಳಿದ ತಮ್ಮ ಮೊಣಕಾಲುಗಳು ಕ್ಷೇಮವೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಅಂದು ಮಕ್ಕಳ ಕೋಣೆಯ ಬಾಗಿಲಲ್ಲಿ ನೀಲಿ ಕೋಟು ತೊಟ್ಟು, ಕೂಸನ್ನು ಎತ್ತಿಕೊಂಡು ನಿಂತಿದ್ದ ಆಯಾ ನಾನೇ. ವಾಸ್ತವದಲ್ಲಿ ನಾನು ಆಯಾ ಅಲ್ಲ, ಅಲ್ಲಿ ಕಾಲರ್ ಹೊಲಿಯುವವಳ ಅತ್ತೆ. ಕೂಸು ನನ್ನ ಮೊಮ್ಮಗಳು.

ತಾವು ಬರುವ ಮುನ್ನಾದಿನ ಸೂಪರ್‌ವೈಸರ್ ಮನೆಗೇ ಬಂದು, “ಅಮ್ಮಾ, ಈ ಬೀದೀಲಿ ನಿಮ್ಮಷ್ಟು ಗತ್ತಿರೋರು ಇನ್ಯಾರಿದ್ದಾರೆ? ಒಂದು ದಿನ ನಿಂತ್ಕೊಳ್ಳಿ, ಸಾಕು” ಎಂದ. ಹೊಗಳಿಕೆ ಹೊನ್ನಶೂಲವೆಂದು ಸೊಸೆಗೆ ನೂರು ಸಲ ಬುದ್ಧಿ ಹೇಳಿದ ನಾನೇ ಆ ಶೂಲ ಏರಿ ಕುಳಿತು, ಇನ್ನೂ ಸ್ವಲ್ಪ ಎತ್ತರವಿರಲಿ ಎಂದೆ.

ತಮ್ಮ ಆಗಮನದ ಮಹಿಮೆಯನ್ನು ಎಷ್ಟು ಕೊಂಡಾಡಲಿ! ಬಟ್ಟೆಯ ಬೇಲುಗಳಿದ್ದ ಕೋಣೆಯಲ್ಲಿ ತೊಟ್ಟಿಲು ಮೂಡಿತು, ನಲ್ಲಿಗಳಿಗೆ ನೀರು ಬಂತು, ಸದಾ ಬೀಗ ಜಡಿದಿರುವ ಹಿಂಬಾಗಿಲು ತೆರೆಯಿತು, ಬೈಗುಳವನ್ನೇ ಉಸಿರಾಡುವ ಸೂಪರ್‌ವೈಸರನ ಬಾಯಲ್ಲಿ “ಅಕ್ಕಾ” ಎಂಬ ಪದ ಹುಟ್ಟಿತು. ಸೊಸೆ ಮಧ್ಯಾಹ್ನ ಮೆಷಿನ್ನಿನಿಂದ ಎದ್ದು ಬಂದು, ಬಾಣಂತನ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ, ಹಗಲಿನಲ್ಲಿ ಮಗುವಿಗೆ ಹಾಲು ಕೊಟ್ಟಳು.

ಆಗಲೇ ತಾವು ನನ್ನನ್ನು ‘ಮೇಡಂ’ ಎಂದು ಕರೆದು, ಈ ಕೋಣೆ ದಿನವೂ ತೆರೆದಿರುತ್ತದೆಯೇ ಎಂದು ವಿಚಾರಿಸಿದ್ದು. ನನಗೆ ಕಲಿಸಿದ್ದು ‘ಹೌದು’ ಎಂಬ ಒಂದೇ ಪದ. ಮೇಡಂ ಆದವಳು ಒಂದೇ ಪದಕ್ಕೆ ನಿಲ್ಲಬಹುದೇ? ಭಾನುವಾರವೂ ತೆರೆದಿರುತ್ತದೆ, ಮಕ್ಕಳು ಮನೆಗೆ ಬರಲೊಲ್ಲೆವೆಂದು ಅಳುತ್ತವೆ ಎಂದುಬಿಟ್ಟೆ. ಭಾನುವಾರ ಕಾರ್ಖಾನೆಗೆ ರಜೆಯೆಂಬುದು ನನಗೂ ಹೊಳೆಯಲಿಲ್ಲ, ತಮಗೂ ಹೊಳೆಯಲಿಲ್ಲ.

ಮರುದಿನ ತೊಟ್ಟಿಲು ಹೋಯಿತು, ಬೇಲುಗಳು ಮರಳಿದವು. ತಮ್ಮ ಕಂಪನಿಯ ಅಂಗಿಗಳಿಗೆ ಈಗ ‘ತಾಯಂದಿರು ನಗುತ್ತಾ ಹೊಲಿದದ್ದು’ ಎಂಬ ಚೀಟಿ ಬಂದಿದೆ. ಅದನ್ನು ಕಾಲರಿಗೆ ಹೊಲಿಯುವವಳು ನನ್ನ ಸೊಸೆಯೇ. ಇಲ್ಲಿ ಮಗು ನನ್ನ ತೋಳಿನಲ್ಲಿ ಹಸಿದು ಅಳುವಾಗ ಅಲ್ಲಿ ಅವಳ ಎದೆಯ ಬಟ್ಟೆ ಒದ್ದೆಯಾಗುತ್ತದೆ. “ಕೋಣೆ ತೆಗೀರಿ ಅಂದ್ರೆ, ದಿನಾ ತೆಗೆದಿರುತ್ತೆ ಅಂತ ನಿಮ್ಮತ್ತೇನೇ ಹೇಳಿದ್ದಾರಲ್ಲ ಅಂತಾರೆ” ಎಂದಳು ಒಂದು ಸಂಜೆ ಕೆಲಸ ಮುಗಿಸಿ ಬಂದ ಸೊಸೆ. “ಅಷ್ಟು ಚೆನ್ನಾಗಿ ಹೇಳಿದ್ರಲ್ಲ ಅತ್ತೆ, ಈ ಮಗೂಗೂ ಒಂದ್ಸಲ ಹೇಳಿ ನೋಡಿ, ನಂಬುತ್ತೇನೋ.” ನಮ್ಮ ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ನನ್ನದು. ಅಂದು ಮಾತ್ರ ಪಾತ್ರೆ ತೊಳೆಯುವ ನೆಪದಲ್ಲಿ ಎದ್ದುಹೋದೆ.

ಆದ್ದರಿಂದ ತಮ್ಮ ವರದಿಯಲ್ಲಿ ನನ್ನ ಮಾತನ್ನು ಹೊಡೆದುಹಾಕಬೇಕೆಂದೂ, ಅದು ಆಗದಿದ್ದರೆ ತಾವು ಸಕುಟುಂಬರಾಗಿ ನಮ್ಮ ಬೀದಿಯಲ್ಲೇ ಬಿಡಾರ ಹೂಡಿ ದಿನವೂ ಕಾರ್ಖಾನೆಗೆ ದಯಮಾಡಿಸಬೇಕೆಂದೂ ಕೋರುತ್ತೇನೆ. ನಮ್ಮ ಮೇಲಿನ ಮಹಡಿ ಖಾಲಿ ಇದೆ. ತಮ್ಮ ಪಾದ ಬಿದ್ದಲ್ಲೆಲ್ಲ ನಲ್ಲಿಗೆ ನೀರು ಬರುವುದರಿಂದ ಬಾಡಿಗೆಯ ಮಾತೇ ಇಲ್ಲ.

ತಮ್ಮ ವಿಶ್ವಾಸಿ,
ತಮ್ಮಿಂದ ‘ಅತ್ಯುತ್ತಮ’ ಎನಿಸಿಕೊಂಡ ಒಂದು ದಿನದ ಆಯಾ

ವಿ.ಸೂ.: ಮುಂದಿನ ಬಾರಿ ಬರುವುದನ್ನು ದಯವಿಟ್ಟು ಮೊದಲೇ ತಿಳಿಸಬೇಡಿ. ತಿಳಿಸಿದರೆ ನನಗೆ ಮತ್ತೆ ಕರೆ ಬರುತ್ತದೆ. ಮೊಮ್ಮಗಳಿಗೆ ಒಂದು ಹಗಲಿನ ಹಾಲು ಸಿಗುವುದಾದರೆ ನಾನು ತಮಗೆ ಮತ್ತೆ ಅಷ್ಟೇ ಚೆನ್ನಾಗಿ ಸುಳ್ಳು ಹೇಳುತ್ತೇನೆ.