ಮಾವನವರ ಮುಗಿಯದ ರೋಲು

ಹಳೇ ಕ್ಯಾಮೆರಾ ರಿಪೇರಿ ಮಾಡುವವನ ಮನೆಯಲ್ಲಿ ವಾರಕ್ಕೊಂದಾದರೂ ಫಜೀತಿ ಆಗಲೇಬೇಕು. ಆಗದ ವಾರ ನನ್ನ ಹೆಂಡತಿಗೇ ಅನುಮಾನ ಬಂದು, "ಏನ್ರೀ, ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಾಳೆ.

ಹೊಟ್ಟೆಪಾಡಿಗೆ ನಾನು ಹಲಸೂರಿನಲ್ಲಿ ಹಲ್ಲು ಸೆಟ್ ತಯಾರಿಸುವವನು. ಡಾಕ್ಟರುಗಳು ಅಳತೆ ಕಳಿಸುತ್ತಾರೆ, ನಾನು ಹಲ್ಲು ಕಳಿಸುತ್ತೇನೆ. ಇಷ್ಟಕ್ಕೇ ಸುಮ್ಮನಿರುವ ಕೈ ನನ್ನದಲ್ಲ. ಭಾನುವಾರ ಬೆಳಿಗ್ಗೆ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಒಂದು ಸುತ್ತು ಹಾಕದಿದ್ದರೆ ಸೋಮವಾರವೆಲ್ಲ ಬೆರಳು ತುರಿಸುತ್ತಿರುತ್ತದೆ. ರೋಲು ಹಾಕುವ ಹಳೇ ಕ್ಯಾಮೆರಾ ಸಿಕ್ಕಿದರೆ ತರುವುದು, ಬಿಚ್ಚುವುದು, ಒರೆಸುವುದು, ಜೋಡಿಸುವುದು, ಉಳಿದುಹೋದ ಎರಡು ಸ್ಕ್ರೂ ನೋಡಿ ಮತ್ತೆ ಬಿಚ್ಚುವುದು.

ಎಲ್ಲ ಅನಾಹುತಕ್ಕೂ ಮೂಲ ನನ್ನ ಬಲಗೈ ಹೆಬ್ಬೆರಳು. ಕ್ಯಾಮೆರಾ ಕೈಗೆ ಬಂದ ತಕ್ಷಣ ಅದು ಬೆನ್ನಿನ ಬಾಗಿಲನ್ನು ಟಕ್ಕನೆ ತೆರೆದುಬಿಡುತ್ತದೆ. ಒಳಗೆ ತುಕ್ಕಿದೆಯೋ, ಬೂಷ್ಟಿದೆಯೋ ನೋಡುವ ಚಟ. ನನ್ನನ್ನು ಒಂದು ಮಾತು ಕೇಳುವುದೂ ಇಲ್ಲ.

ಬೀಗದ ಕೈ

ಶಿವಾಜಿನಗರದ ಗುಜರಿ ಸಾಹೇಬರೊಬ್ಬರು ನನಗೆ ಹತ್ತು ವರ್ಷದ ಪರಿಚಯ. ಯಾವ ಕ್ಯಾಮೆರಾ ತೋರಿಸಿದರೂ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತುತ್ತಾರೆ. "ಸುನೋ ಸಾಬ್, ಟಕ್ ಅಂತು. ಚಾಲೂ ಹೈ!" ಟಕ್ ಅನ್ನದಿದ್ದರೆ, "ಇದು ಸೈಲೆಂಟ್ ಮಾಡೆಲ್ಲು."

ಅವತ್ತೊಂದು ಕ್ಯಾಮೆರಾಕ್ಕೆ ಎಂಟುನೂರು ಹೇಳಿ, ಚೌಕಾಸಿಯಾಗಿ ಆರುನೂರಕ್ಕೆ ಬಂದರು. ಅಷ್ಟರಲ್ಲಿ ನನ್ನ ಹೆಬ್ಬೆರಳು ಬಾಗಿಲು ತೆರೆಯಿತು. ಒಳಗಿಂದ ಠಣ್ಣೆಂದು ಒಂದು ಬೀಗದ ಕೈ ಬಿತ್ತು.

ಸಾಹೇಬರು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಮುಖ ಕೆಂಪಾಯಿತು. "ಅರೆ ಅಲ್ಲಾ! ಇದು ನಮ್ ಅಂಗಡಿದೇ! ಯಾರಿಗೂ ಸಿಗಬಾರ್ದು ಅಂತ ನಾನೇ ಬಚ್ಚಿಟ್ಟಿದ್ದೆ. ಹೋದ ರಂಜಾನಲ್ಲಿ ಬೀಗ ಒಡೆಸ್ದೆ ಸಾಬ್ ಇದ್ಕೆ!"

ಬೀಗದ ಕೈ ಹುಡುಕಿಕೊಟ್ಟವನಿಗೆ ಐವತ್ತಾದರೂ ಇಳಿಸುತ್ತಾರೆಂದು ನಾನು ಹಲ್ಲುಗಿಂಜುತ್ತ ನಿಂತೆ. ಅವರು ಕ್ಯಾಮೆರಾವನ್ನು ನನ್ನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡರು.

"ನೋಡಿದ್ರಲ್ಲ ಸಾಬ್, ಒಳಗಿಟ್ಟಿದ್ದು ಎಷ್ಟು ಸೇಫಾಗಿತ್ತು! ಎಂಟುನೂರೇ ಕೊಡಿ."

ತೂಗುಸೇತುವೆ

ನಮ್ಮ ಮಾವನವರು ಕೆ.ಆರ್. ಪುರದ ಹಳೇ ಊರಿನವರು. ಹಿಂದೆ ರಾಗಿ ಬೆಳೆಯುತ್ತಿದ್ದ ಅವರ ಜಮೀನಿನಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಮಾತು ಕಮ್ಮಿ, ನಂಬಿಕೆ ಅದಕ್ಕಿಂತ ಕಮ್ಮಿ. ಮದುವೆಯಾಗಿ ಹನ್ನೆರಡು ವರ್ಷವಾದ ಮೇಲೆ, ಒಂದು ದಿನ ನನ್ನನ್ನು ಕರೆಸಿ, ಟವೆಲಿನಲ್ಲಿ ಸುತ್ತಿದ ಕ್ಯಾಮೆರಾ ಕೈಗಿಟ್ಟರು.

"ಅಳಿಯಂದ್ರೇ, ಇದರೊಳಗೆ ನಮ್ಮಮ್ಮ ಇದ್ದಾಳೆ."

ಆ ಅಜ್ಜಿ ಜೀವಮಾನದಲ್ಲಿ ಫೋಟೋ ತೆಗೆಸಿಕೊಂಡವಳಲ್ಲ. ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂಬ ಭಯ. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಬರುತ್ತಿತ್ತು. ಒಂದೇ ಒಂದು ಸಲ, ಮೂರು ತಿಂಗಳ ಮೊಮ್ಮಗಳನ್ನು, ಅಂದರೆ ನನ್ನ ಹೆಂಡತಿಯನ್ನು, ತೊಡೆಯ ಮೇಲೆ ಮಲಗಿಸಿಕೊಂಡು, "ಆಯ್ತೇನೋ? ಆಯ್ತೇನೋ?" ಎನ್ನುತ್ತಲೇ ಕೂತಿದ್ದಳಂತೆ.

"ರೋಲು ಮುಗೀಲಿಲ್ಲ, ಅದಕ್ಕೇ ತೊಳೆಸ್ಲಿಲ್ಲ. ಆಮೇಲೆ ಗುಂಡಿ ಕಚ್ಚಿಕೊಂಡು ಹಂಗೇ ಬೀರು ಸೇರ್ತು," ಎಂದರು ಮಾವ. "ಮಹಾಲಯ ಅಮಾವಾಸ್ಯೆಗೆ ಹಿರೀಕರಿಗೆ ಎಡೆ ಇಡುವಾಗ ಅಪ್ಪನ ಫೋಟೋ ಇರತ್ತೆ. ಅಮ್ಮನ ಜಾಗದಲ್ಲಿ ಒಂದು ಸೀರೆ ಮಡಚಿ ಇಡ್ತೀವಿ. ಈ ಸಲ ಅವಳ ಮುಖ ಇಡಬೇಕು. ಗುಂಡಿ ಸರಿ ಮಾಡಿ, ರೋಲು ತೊಳೆಸ್ಕೊಡಿ. ಹಿಂದಿನ ಬಾಗಿಲು ಮಾತ್ರ ತೆಗೀಬೇಡಿ. ಬೆಳಕು ಬಿದ್ರೆ ಅಮ್ಮ ಹೋದಳು."

"ನನಗೇ ಹೇಳ್ತೀರಾ ಮಾವ?" ಎಂದು ನಕ್ಕೆ.

ಕ್ಯಾಬ್ ಹಿಡಿದೆ. ತೂಗುಸೇತುವೆಯ ಹತ್ತಿರ ಎಂದಿನಂತೆ ಗಾಡಿಗಳು ಕಂಬಳಿ ಹಾಸಿದಂತೆ ನಿಂತಿದ್ದವು. ಹತ್ತು ನಿಮಿಷ ಕೂತೆ, ಹದಿನೈದು ನಿಮಿಷ ಕೂತೆ. ಗಾಜು ಇಳಿಸಿದೆ, ಏರಿಸಿದೆ, ಟವೆಲು ಬಿಚ್ಚಿದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಟಕ್ಕೆಂದು ಶಬ್ದವಾಯಿತು.

ಕಣ್ಣು ಮುಚ್ಚಿಕೊಂಡೇ ಬಾಗಿಲನ್ನು ಪಟ್ಟನೆ ಮುಚ್ಚಿದೆ. ನನ್ನ ಕಣ್ಣು ಮುಚ್ಚಿದ್ದರಿಂದ ಅಜ್ಜಿಗೇನು ಪ್ರಯೋಜನ?

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಯಾಕ್ ಸಾರ್, ಎಸಿಯಲ್ಲೂ ಬೆವರ್ತಿದ್ದೀರಾ?" ಯಾರಿಗಾದರೂ ಹೇಳಿಕೊಳ್ಳದಿದ್ದರೆ ಪ್ರಾಣ ಹೋಗುತ್ತಿತ್ತು. ಅಜ್ಜಿ, ಎಡೆ, ಹೆಬ್ಬೆರಳು, ಎಲ್ಲ ಹೇಳಿಕೊಂಡೆ. ಅವನು ಲೊಚ್‌ಗುಟ್ಟುತ್ತ ಪೂರ್ತಿ ಕೇಳಿದ.

"ನಮ್ಮಾವಂದೂ ಇಂಥದ್ದೇ ಒಂದು ಕ್ಯಾಮೆರಾ ಇದೆ ಸಾರ್. ನಿಮ್ ನಂಬರ್ ಮಾತ್ರ ಕೊಡ್ಬೇಡಿ."

ಬಾಯಿ ತೆರೆದು ಕೂತವರು

ಅಲ್ಲಿಂದ ಮೂರು ವಾರ ನನಗೆ ಅನ್ನ ಸೇರಲಿಲ್ಲ. ಮಾವನವರ ಫೋನು ಬಂದರೆ, "ಹಲ್ಲು ಅರೀತಾ ಇದೀನಿ ಮಾವ" ಎಂದು ಇಟ್ಟುಬಿಡುತ್ತಿದ್ದೆ. ಹೆಂಡತಿಗೂ ಹೇಳಲು ಧೈರ್ಯವಿಲ್ಲ. ರೋಲಂತೂ ಹಾಳಾಯಿತು, ಗುಂಡಿಯನ್ನಾದರೂ ಸರಿ ಮಾಡಿಬಿಡೋಣ ಎಂದು ಕ್ಯಾಮೆರಾದ ಮುಂಭಾಗ ಬಿಚ್ಚಿದೆ. ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದೆ, ಮತ್ತೆ ಹಿಂದಕ್ಕೆ ಹೋಗದಿರಲೆಂದು.

ಬಿಚ್ಚಿದ ಸ್ಕ್ರೂ, ಸ್ಪ್ರಿಂಗುಗಳನ್ನು ಹಲ್ಲು ಸೆಟ್ ಕಳಿಸುವ ಬಿಳಿ ಡಬ್ಬಿಯೊಂದಕ್ಕೆ ಹಾಕಿಟ್ಟೆ. ನನ್ನ ಬಳಿ ಇರುವುದೆಲ್ಲ ಅವೇ ಡಬ್ಬಿಗಳು. ಮಾರನೇ ದಿನ ಇಂದಿರಾನಗರದ ಕ್ಲಿನಿಕ್ಕಿನಿಂದ ಡಾಕ್ಟರಮ್ಮನ ಫೋನು.

"ಪೇಷೆಂಟು ಬಾಯಿ ತೆರೆದು ಕೂತಿದ್ದಾರೆ ಕಣ್ರೀ. ಡಬ್ಬಿ ತೆಗೆದ್ರೆ ಒಳಗೆ ಸ್ಪ್ರಿಂಗು! ಇದೇನು ಹೊಸಾ ಮಾಡೆಲ್ಲಾ ಅಂತ ಕೇಳ್ತಿದ್ದಾರೆ."

"ಮುಟ್ಟಬೇಡಿ ಮೇಡಂ! ಒಂದೊಂದೂ ಲೆಕ್ಕದ್ದು!" ಎಂದು ಕೂಗಿಕೊಂಡು ತಿರುಗಿದರೆ, ಬಾಗಿಲಲ್ಲಿ ಮಾವ. ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದರು. ಮೇಜಿನ ಮೇಲೆ ಮೂಗು ಕಳಚಿದ ಕ್ಯಾಮೆರಾ, ಪಕ್ಕದಲ್ಲಿ ಬಿಳಿ ಡಬ್ಬಿ. ಮಾವ ಕನ್ನಡಕ ಏರಿಸಿ ಡಬ್ಬಿಯ ಮುಚ್ಚಳ ತೆಗೆದರು. ಮೇಲೂ ಕೆಳಗೂ ಪೂರ್ತಿ ಹಲ್ಲಿನ ಸಾಲು ಅವರನ್ನು ನೋಡಿ ನಕ್ಕಿತು.

ಮುಚ್ಚಳವನ್ನು ಮೆಲ್ಲಗೆ ಮುಚ್ಚಿ ಹೇಳಿದರು: "ನನ್ನ ಕ್ಯಾಮೆರಾದಲ್ಲಿ ಇವೆಲ್ಲ ಇರ್ಲಿಲ್ಲ ಅಳಿಯಂದ್ರೇ."

ಬಚ್ಚಲುಮನೆಯ ತೀರ್ಪು

ಡಬ್ಬಿಗಳು ಮತ್ತೆ ಅದಲುಬದಲಾಗಿ, ಗುಂಡಿ ಸರಿಯಾಯಿತು. ಇನ್ನು ರೋಲು ತೊಳೆಸುವುದೊಂದೇ ಬಾಕಿ. ಹಲಸೂರಿನ ಒಂದು ಓಣಿಯಲ್ಲಿ ತಮಿಳು ಮಾತಾಡುವ ಮುದುಕರೊಬ್ಬರು ಈಗಲೂ ಬಚ್ಚಲುಮನೆಯನ್ನು ಕತ್ತಲು ಮಾಡಿಕೊಂಡು ಫಿಲಂ ತೊಳೆಯುತ್ತಾರೆ. ಒಬ್ಬನೇ ಹೋಗಿಬರುತ್ತೇನೆಂದರೆ ಮಾವ ಒಪ್ಪಲಿಲ್ಲ. ಅತ್ತೆ, ನನ್ನ ಹೆಂಡತಿ, ಮಾವ, ಮೂವರೂ ತಲೆಗೆ ಸ್ನಾನ ಮಾಡಿ ಬಂದಿದ್ದರು. ಮಾವನ ಕೈಯಲ್ಲಿ ಸೇವಂತಿಗೆ ಹಾರ. ಫೋಟೋ ಇನ್ನೂ ನೀರಿಗಿಳಿಯುವ ಮೊದಲೇ ಹಾರ ತಂದಾಗಿತ್ತು.

ಮುದುಕರು ಕ್ಯಾಮೆರಾ ತೆಗೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಕೂತೆ, ಎದ್ದೆ, ಓಣಿಯ ತುದಿಗೆ ಹೋಗಿ ಬಂದೆ. "ಒಂದು ಕಡೆ ಕೂತ್ಕೊಳ್ರೀ," ಎಂದಳು ಹೆಂಡತಿ. ಕಣ್ಣು ಮತ್ತೆ ಮತ್ತೆ ಆ ಹಾರದ ಮೇಲೇ ಹೋಗುತ್ತಿತ್ತು. ಕೊನೆಗೆ ತಡೆಯಲಾರದೆ ಮಾವನ ಮುಂದೆ ನಿಂತು ಒದರಿಬಿಟ್ಟೆ. "ನಾನು ಬಾಗಿಲು ತೆಗೆದುಬಿಟ್ಟೆ ಮಾವ. ಸೇತುವೆ ಹತ್ರ. ಬೇಕೂಂತ ಅಲ್ಲ. ಅಜ್ಜಿ ಮುಖ ನಾನೇ ಅಳಿಸಿಬಿಟ್ಟೆ."

ಮಾವ ಹಾರವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ನನಗೆ ನಿಜವಾಗಿ ಅಳು ಬಂತು.

ಚಿಲಕ ತೆಗೆದ ಸದ್ದಾಯಿತು. ಮುದುಕರು ಒದ್ದೆ ಫಿಲಮನ್ನು ಉದ್ದಕ್ಕೆ ಹಿಡಿದುಕೊಂಡು ಬಂದರು. ತುದಿಯ ಸ್ವಲ್ಪ ಭಾಗ ಕಡುಕಪ್ಪು, ಉಳಿದದ್ದೆಲ್ಲ ಖಾಲಿ.

"ಸಾರ್ ಅಳ್ಬೇಡಿ. ಎಲ್ಲಾ ಒಳಗೇ ಕೇಳಿಸ್ತು. ನೀವು ಬಾಗಿಲು ತೆಗೆದ್ರಿ, ಸರಿ. ಆದ್ರೆ ಫಿಲಂ ಮನೆ ಬಿಟ್ಟು ಆಚೇನೇ ಬಂದಿಲ್ಲ ಸಾಮಿ. ರೋಲು ಹಾಕೋವಾಗ ತುದೀನ ಆ ಕಡೆ ಸುತ್ತೋ ಚಕ್ರಕ್ಕೆ ಸಿಕ್ಕಿಸ್ಬೇಕು. ಸಿಕ್ಕೇ ಇಲ್ಲ. ಇವರು ಸುತ್ತಿದ್ದಾರೆ, ನಂಬರ್ ಓಡಿದೆ, ಫಿಲಂ ಮಾತ್ರ ಡಬ್ಬಿಯಲ್ಲೇ ಮಲಗಿದೆ." ಆಮೇಲೆ ಮಾವನ ಕಡೆ ತಿರುಗಿ, "ಎಷ್ಟು ಫೋಟೋ ತೆಗೆದ್ರಿ ಅಯ್ಯಾ?" ಎಂದು ಕೇಳಿದರು.

"ಅಮ್ಮಂದು, ನಾಮಕರಣ, ಗೃಹಪ್ರವೇಶ, ತಂಗಿ ಮದುವೆ, ತಿರುಪತಿ ಎರಡು ಸಲ," ಮಾವ ಬೆರಳು ಮಡಚಿದರು. "ಐದು ವರ್ಷ ತೆಗೆದೆ. ಒಳ್ಳೇ ರೋಲು. ಮುಗೀಲೇ ಇಲ್ಲ."

"ಮೂವತ್ತಾರು ಫೋಟೋಕ್ಕೇ ಮುಗಿಯೋ ರೋಲು ಅಯ್ಯಾ ಇದು."

ಮೊದಲು ಅರ್ಥವಾದದ್ದು ಅತ್ತೆಗೆ. "ಅಯ್ಯೋ ನಿಮ್ಮ! ತಂಗಿ ಮದುವೇಲಿ ಬೀಗರನ್ನೆಲ್ಲ ಸೇರಿಸಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಲ್ಸಿದ್ರಲ್ರೀ!"

ಮಾವ ಮುದುಕರ ಕೈಯಿಂದ ಫಿಲಂ ತೆಗೆದುಕೊಂಡರು. ಆ ಕಪ್ಪು ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಮ್ಮನ ಫೋಟೋ ಬಿದ್ದಿದ್ದು ಇಲ್ಲೇ ಅಲ್ವಾ?"

ಮುದುಕರು ದೊಡ್ಡ ಮನುಷ್ಯರು. "ಇಲ್ಲೇ ಅಯ್ಯಾ. ಮೊದಲು ಅಮ್ಮ, ಅವರ ಮೇಲೆ ಎಲ್ಲರೂ. ಯಾರೂ ಎಲ್ಲೂ ಹೋಗಿಲ್ಲ."

ಮಾವ ಅದನ್ನು ಕತ್ತರಿಸಿ ಕೊಡಿ ಎಂದು ಕೇಳಿ, ಕರ್ಚೀಫಿನಲ್ಲಿ ಸುತ್ತಿಕೊಂಡರು. ನಗಲು ತೆರೆದ ಬಾಯಿಯನ್ನು ನಾನು ಮೆಲ್ಲಗೆ ಮುಚ್ಚಿಕೊಂಡೆ.

ಎಡೆ

ಮಹಾಲಯ ಅಮಾವಾಸ್ಯೆಯ ದಿನ ಕೆ.ಆರ್. ಪುರದ ಮನೆ ತುಂಬ ನೆಂಟರು. ಗೋಡೆಯ ಪಕ್ಕ ತಾತನ ಫೋಟೋ, ಅದರ ಮುಂದೆ ಬೀಡಿ ಕಟ್ಟು. ಎಡಗಡೆ ಅಜ್ಜಿಯ ಸೀರೆ, ಎಲೆಅಡಿಕೆ, ಹೊಗೆಸೊಪ್ಪು. ಈ ಸಲ ಸೀರೆಯ ಮೇಲೆ ಚಿನ್ನದ ಬಣ್ಣದ ಒಂದು ಫ್ರೇಮು. ಬಿಳಿ ಹಾಳೆಯ ನಡುವೆ ಎರಡು ಬೆರಳಗಲದ ಕಪ್ಪು ಚೂರು, ಸುತ್ತ ಸೇವಂತಿಗೆ ಹಾರ.

ಪೂಜೆ ಮುಗಿದು ಊಟಕ್ಕೆ ಎಲೆ ಹಾಕಿದ ಮೇಲೆ, ಮದುವೆಯಲ್ಲಿ ಬಿಸಿಲಿಗೆ ನಿಂತಿದ್ದ ಆ ತಂಗಿಯೇ ಬಗ್ಗಿ ನೋಡಿದರು. "ಏನಣ್ಣಾ ಇದು?"

"ಅಮ್ಮ," ಎಂದರು ಮಾವ. "ನೀನೂ ಇದೀಯ. ಧಾರೆ ಸೀರೆಲಿ. ನಿನ್ನ ಗಂಡನೂ ಪಕ್ಕದಲ್ಲೇ ಇದಾನೆ."

"ಏನೂ ಕಾಣಿಸ್ತಿಲ್ವಲ್ಲಣ್ಣ? ಇಷ್ಟು ಕಪ್ಪಗಾಗಿದೆ?"

ಮಾವ ಮತ್ತೊಂದು ಊದಿನಕಡ್ಡಿ ಹಚ್ಚುತ್ತ, ನನ್ನ ಕಡೆ ತಿರುಗದೆ, ದೊಡ್ಡದೊಂದು ನಿಟ್ಟುಸಿರು ಬಿಟ್ಟರು. "ಏನ್ಮಾಡೋದಮ್ಮ. ನಾನು ಚೆನ್ನಾಗೇ ತೆಗೆದಿದ್ದೆ. ಅಳಿಯಂದ್ರು ಬಾಗಿಲು ತೆಗೆದುಬಿಟ್ರು. ಅವರೇ ಒಪ್ಕೊಂಡಿದಾರೆ, ಬೇಕಾದ್ರೆ ಕೇಳು."

ಮನೆಯಲ್ಲಿದ್ದ ಅಷ್ಟೂ ಜನ ನನ್ನ ಕಡೆ ತಿರುಗಿದರು. ಪಕ್ಕದಲ್ಲಿ ಕೂತಿದ್ದ ಷಡ್ಡಕ ತನ್ನ ಮೊಬೈಲನ್ನು ಮೆಲ್ಲಗೆ ಆ ಕಡೆಯ ಜೇಬಿಗೆ ಹಾಕಿಕೊಂಡ. ನಾನು ಬಾಯಿ ತೆರೆಯುವಷ್ಟರಲ್ಲಿ, ವಡೆಯ ತಟ್ಟೆ ಹಿಡಿದು ಬಂದ ಅತ್ತೆ ನನ್ನ ಎಲೆಯ ಮೇಲೆ ಬಗ್ಗಿ ಪಿಸುಗುಟ್ಟಿದರು.

"ಹೂಂ ಅಂದ್ಬಿಡಿ ಅಳಿಯಂದ್ರೇ. ನಾನಿವರ ಜೊತೆ ನಲವತ್ತು ವರ್ಷದಿಂದ ಹಂಗೇ ಬಾಳಿದೀನಿ."

ಹೂಂ ಅಂದೆ. ಎಲೆಗೆ ನಾಲ್ಕು ವಡೆ ಬಿದ್ದವು.